ಅಮ್ಮ ಹಿಂಡಿದ ತೆಂಗಿನ ಹಾಲು

ಭದ್ರಾವತಿಯ ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮದುವೆ ಗೊತ್ತಾಯಿತೆಂದರೆ ಹಾಲ್ ಬುಕ್ ಮಾಡುವ ಮೊದಲೇ ಅಮ್ಮನಿಗೆ ಫೋನ್ ಬರುತ್ತಿತ್ತು. ಮದುವೆಯ ಹಿಂದಿನ ಸಂಜೆ ನಮ್ಮಲ್ಲಿ ರೋಸ್ ಎಂಬ ಶಾಸ್ತ್ರ ನಡೆಯುತ್ತದೆ. ಮದುಮಗಳನ್ನು ಹಳೆಯ ಬಟ್ಟೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದು ಹಣೆಗೆ ಎಣ್ಣೆಯಲ್ಲಿ ಶಿಲುಬೆಯ ಗುರುತು ಹಾಕಿ, ತಲೆಗೆ ತೆಂಗಿನ ಹಾಲು ಸುರಿದು ಹರಸುತ್ತಾರೆ. ಆ ಹಾಲು ತೆಗೆಯುವುದು ಅಮ್ಮನ ಕೆಲಸ. ತುರಿಮಣೆಯ ಮೇಲೆ ಕೂತರೆ ಹೊರಗೆ ಹಾಡು, ನಗು, ಫೋಟೋ ಎಲ್ಲ ಮುಗಿಯುವವರೆಗೂ ಅವಳು ಅಡುಗೆಮನೆ ಬಿಟ್ಟು ಬರುತ್ತಿರಲಿಲ್ಲ.

ಒಳಗೆ ಕೆಲಸ ಜಾಸ್ತಿ ಇರುವುದಕ್ಕೇ ಅವಳು ಹೊರಗೆ ಬರುತ್ತಿಲ್ಲ ಎಂದು ನಾನು ತಿಳಿದಿದ್ದೆ. ಅಪ್ಪ ಕಾರ್ಖಾನೆಯ ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದರು. ಗಂಡ ಸತ್ತವಳು ಮದುಮಗಳ ಹಣೆ ಮುಟ್ಟಬಾರದು ಎನ್ನುವವರು ನಮ್ಮ ನೆಂಟರಲ್ಲೂ ಇದ್ದಾರೆ ಎಂದು ನನಗೆ ಗೊತ್ತಾದದ್ದು ನನ್ನದೇ ಮದುವೆಯ ಹೊತ್ತಿನಲ್ಲಿ.

ಅದನ್ನು ನನಗೆ ಗೊತ್ತು ಮಾಡಿಸಿದವರು ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ. ಮದುವೆಗೆ ವಾರವಿದ್ದಾಗ ಶಿವಮೊಗ್ಗದ ಹೊಸಮನೆ ಬಡಾವಣೆಯಿಂದ ಬಂದರು. ಟೀ ಕುಡಿಯುತ್ತಾ, ಊಟದ ಮೆನು ಹೇಳಿದಷ್ಟೇ ಸಲೀಸಾಗಿ ಹೇಳಿದರು. "ಮೊದಲ್ನೇ ಹಾಲು ನಿನ್ ಚಿಕ್ಕಪ್ಪ ಚಿಕ್ಕಮ್ಮ ಹಾಕ್ಲಿ. ಜೋಡಿ ಇರೋರು ಹಾಕಿದ್ರೆ ಚೆಂದ. ನಿಮ್ಮಮ್ಮಂಗೆ ಹೆಂಗೂ ಒಳಗೆ ಕೆಲಸ ಇರುತ್ತೆ."

ಅಮ್ಮ ತಲೆಯಾಡಿಸಿ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅತ್ತೆಯ ಮಾತಿಗಿಂತ ಅಮ್ಮ ಹಾಗೆ ತಲೆಯಾಡಿಸಿದ್ದೇ ನನಗೆ ಮೈ ಉರಿಸಿತು.

ನಾನು ಶಿವಮೊಗ್ಗದ ದುರ್ಗಿಗುಡಿಯ ಶಾಲೆಯೊಂದರಲ್ಲಿ ಟೀಚರ್. ಸಂಜೆ ಮನೆಗೆ ಮರಳುವ ಬಸ್ಸು ಮಲವಗೊಪ್ಪ ದಾಟುವಷ್ಟರಲ್ಲಿ ನನಗೆ ನಿದ್ದೆಗೆ ಕಣ್ಣು ಎಳೆಯುತ್ತಿತ್ತು. ಆ ವಾರ ಎಳೆಯಲಿಲ್ಲ. ಪ್ರಾರ್ಥನೆ ಮಾಡಿದೆ ಎಂದರೆ ಸುಳ್ಳಾಗುತ್ತದೆ, ದೇವರ ಜೊತೆ ಜಗಳವಾಡಿದೆ. ಅಪ್ಪ ಹೋದ ಮೇಲೆ ಕಂಡವರ ಮನೆಯಲ್ಲಿ ಅಡುಗೆ ಮಾಡಿ ನನ್ನನ್ನು ಓದಿಸಿದ ಕೈ ಅದು. ಆ ಕೈ ತುರಿದರೆ ಶುಭ, ಹಿಂಡಿದರೆ ಶುಭ, ಹಣೆಗೆ ಬಂದರೆ ಮಾತ್ರ ಅಶುಭ. ಇಂಥ ಭೇದ ಮಾಡುವ ದೇವರನ್ನು ನಾನು ನಂಬಿದವಳಲ್ಲ, ನಂಬುವುದೂ ಇಲ್ಲ.

ಫಾದರ್ ಅವರನ್ನೂ ಕೇಳಿದೆ. "ಇದು ಚರ್ಚಿನ ನಿಯಮ ಅಲ್ಲಮ್ಮ, ಮನೆಯವರು ಮಾಡ್ಕೊಂಡಿರೋದು. ಆದ್ರೆ ಮದುವೆ ಹೊತ್ತಲ್ಲಿ ಗಲಾಟೆ ಯಾಕೆ?" ಎಂದರು. ಒಳ್ಳೆಯವರು, ಗಲಾಟೆಗೆ ಸ್ವಲ್ಪ ಹೆದರುತ್ತಾರೆ. ಅವರ ಮಾತಿನಲ್ಲಿ ಮೊದಲರ್ಧವನ್ನು ಮಾತ್ರ ನಾನು ಮನೆಗೆ ತಂದೆ.

ರೋಸ್ ದಿನ ಶಾಮಿಯಾನದ ಕೆಳಗೆ ಹಳೆಯ ಚೂಡಿದಾರ ಹಾಕಿಕೊಂಡು ಕೂತೆ. ಚಿಕ್ಕಮ್ಮ ಬಟ್ಟಲು ಹಿಡಿದು ಬಂದರು. ಅವರದೇನೂ ತಪ್ಪಿಲ್ಲ, ಪಾಪ. ನಾನು ಎದ್ದು ನಿಂತೆ.

"ಅಮ್ಮ ಮೊದಲು," ಅಂದೆ.

"ಹಟ ಮಾಡ್ಬೇಡ ಮಾರಾಯ್ತಿ, ಜನ ನೋಡ್ತಿದಾರೆ," ಎಂದರು ದೊಡ್ಡತ್ತೆ.

"ನೋಡ್ಲಿ ಅತ್ತೆ. ಮಗನ ಶಿಲುಬೆ ಕೆಳಗೆ ನಿಂತಾಗ ಮಾತೆ ಮರಿಯಮ್ಮನ ಪಕ್ಕದಲ್ಲೂ ಗಂಡ ಇರ್ಲಿಲ್ಲ. ಅವಳಿಗೆ ಕ್ಯಾಂಡಲ್ ಹಚ್ಚಿ ಬರ್ತೀರ, ನಮ್ಮಮ್ಮಂಗೆ ಅಡುಗೆಮನೆ ತೋರಿಸ್ತೀರ."

ವಿಡಿಯೋದವನು ಕ್ಯಾಮೆರಾ ಇಳಿಸಿದ. ನಾನು ನೆಟ್ಟಗೆ ಅಡುಗೆಮನೆಗೆ ಹೋಗಿ ತುರಿಮಣೆಯ ಎದುರು ನೆಲದ ಮೇಲೆ ಕೂತೆ. ಅಮ್ಮ ಮೊಣಕೈವರೆಗೂ ಹಾಲು ಮೆತ್ತಿಕೊಂಡು ಕೂತಿದ್ದಳು, ನನ್ನನ್ನು ನೋಡಿ ಸಿಟ್ಟಾದಳು.

"ಎದ್ದು ಹೋಗೇ ಹೊರಗೆ. ಮರ್ಯಾದೆ ತೆಗೀಬೇಡ."

"ನೀನು ಹಾಕದೆ ನಾನು ಏಳಲ್ಲ."

ಅವಳು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ನನ್ ಹಣೆಬರಹ ನಿಂಗೆ ತಗುಲಿಬಿಟ್ರೆ?" ಅಂದಳು.

ಅಲ್ಲಿಯವರೆಗೆ ಅಮ್ಮ ನೆಂಟರಿಗೆ ಹೆದರುತ್ತಾಳೆ ಅಂದುಕೊಂಡಿದ್ದೆ. ಅವಳು ಹೆದರುತ್ತಿದ್ದದ್ದು ತನ್ನ ಕೈಗೇ. ದಿನಾ ಜಪಮಾಲೆ ಹಿಡಿಯುವ ಕೈಗೆ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ನಿನ್ ಕೈತುತ್ತು ತಿಂದು ಇಷ್ಟುದ್ದ ಬೆಳೆದಿದೀನಿ. ಇಷ್ಟು ವರ್ಷ ತಗುಲದೇ ಇದ್ದದ್ದು ಇವತ್ತು ತಗುಲುತ್ತಾ? ಹಾಕಮ್ಮ."

ಅಮ್ಮ ಎಣ್ಣೆಯ ಬಟ್ಟಲು ಹುಡುಕಲಿಲ್ಲ. ಹಾಲಿನ ಹೆಬ್ಬೆರಳಿನಲ್ಲೇ ನನ್ನ ಹಣೆಗೆ ಶಿಲುಬೆ ಎಳೆದಳು. ಆಮೇಲೆ ಪಾತ್ರೆಯನ್ನೇ ಎತ್ತಿ ತಲೆಗೆ ಸುರಿದು, ಚಿಕ್ಕಂದಿನಲ್ಲಿ ಎಣ್ಣೆನೀರು ಹಾಕುವಾಗ ಉಜ್ಜುತ್ತಿದ್ದ ಹಾಗೆ ಕಿವಿಯ ಹಿಂದೆಲ್ಲ ಗಸಗಸ ಉಜ್ಜಿದಳು. ಕಣ್ಣು ಉರಿಯಿತು. ಬಾಗಿಲಲ್ಲಿ ಚಿಕ್ಕಮ್ಮ ಬಟ್ಟಲು ಹಿಡಿದು ತಮ್ಮ ಸರದಿಗೆ ಕಾಯುತ್ತಿದ್ದರು.

ದೊಡ್ಡತ್ತೆ ಅಂದು ಊಟ ಮಾಡದೆ ಹೋದರು. ಈಗಲೂ ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ಎದುರಾದರೆ ನನ್ನ ಗಂಡನನ್ನು ಮಾತ್ರ ಮಾತಾಡಿಸುತ್ತಾರೆ. ನಾನು ಪ್ರತಿ ಸಲವೂ ಅವರಿಗೆ ನಮಸ್ಕಾರ ಹೇಳುತ್ತೇನೆ. ಅದು ಪ್ರೀತಿಯೋ ಹಟವೋ, ದೇವರೇ ನೋಡಿಕೊಳ್ಳಲಿ.

ಮೊನ್ನೆ ತವರಿಗೆ ಹೋಗಿದ್ದಾಗ ಅಮ್ಮನಿಗೆ ಫೋನ್ ಬಂತು. ಪಕ್ಕದ ಬೀದಿಯ ಹುಡುಗಿಯ ರೋಸ್, ಹಾಲು ತೆಗೆದುಕೊಡಬೇಕಂತೆ. ಅಮ್ಮ ಎಲ್ಲ ಕೇಳಿಸಿಕೊಂಡಳು. ನನ್ನ ಕಡೆ ನೋಡಲಿಲ್ಲ.

"ತೆಗೆದುಕೊಡ್ತೀನಿ," ಅಂದಳು. "ಆದ್ರೆ ಹುಡುಗಿ ಹಣೆಗೆ ನಾನೂ ಹಾಕ್ತೀನಿ. ಒಪ್ಪಿಗೆ ಇದ್ರೆ ಕಾಯಿ ಕಳಿಸಿ."

ಸಂಜೆಯ ಹೊತ್ತಿಗೆ ಆಟೋದಲ್ಲಿ ಕಾಯಿ ಬಂದವು.