ತೋಟದ ಗಾಡಿ ಅಂತ ಹತ್ತಿದ್ದು

ಲೋಕಲ್ ಗಾಡಿ ನಿಲ್ಲುವ ಮೊದಲೇ ಕಿಟಕಿ ಸೀಟು ಹಿಡಿಯುವುದು ನಿಮಗೆ ಬರುತ್ತದೆಯೇ? ನನಗೆ ಬರುತ್ತದೆ. ಡೊಂಬಿವಲಿಗೆ ಸೊಸೆಯಾಗಿ ಬಂದವಳು ನಾನು. ಅತ್ತೆಯ ಕೈ ಅಡುಗೆಗಿಂತ ಮೊದಲು ಕಲಿತದ್ದು ಅದನ್ನೇ. ಹೋದ ಮಳೆಗಾಲದಲ್ಲಿ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕಾಲು ಜಾರಿ ಕೂತುಬಿಟ್ಟೆ, ಅಷ್ಟೇ. ಏನೂ ಮುರಿಯಲಿಲ್ಲ. ಮಗ ಮಾತ್ರ, "ಇನ್ನ ಒಬ್ಬಾಕೀನೇ ಎಲ್ಲೂ ಹೋಗೂದು ಬ್ಯಾಡವ್ವಾ" ಎಂದುಬಿಟ್ಟ.

ಗುರುವಾರ ಬಂತೆಂದರೆ ಥಾಣೆಯಲ್ಲಿ ಗಾಡಿ ಬದಲಿಸಿ ಘಣಸೋಲಿಗೆ, ತಂಗಿಯ ಮನೆಗೆ ಹೋಗುತ್ತಿದ್ದೆ. ಇಬ್ಬರೂ ರೊಟ್ಟಿ ಬಡಿದು, ಸೊಸೆಯರ ಸುದ್ದಿ ಮನಸಾರೆ ಆಡಿ ಬರುವುದು. ಅದೂ ನಿಂತಿತು. ಪಾರಿವಾಳ ಬರದಿರಲಿ ಎಂದು ನಮ್ಮ ಬಾಲ್ಕನಿಗೆ ಬಲೆ ಹಾಕಿಸಿದ್ದಾರೆ. ಬಲೆಯೊಳಗೆ ನಾನು ಕೂತಿರುತ್ತಿದ್ದೆ. ಅವು ಹೊರಗಿನಿಂದ ಬಂದು ನನ್ನನ್ನು ನೋಡಿಕೊಂಡು ಹೋಗುತ್ತಿದ್ದವು.

ದೀಪಾವಳಿ ರಜೆಯಲ್ಲಿ ಎಲ್ಲರೂ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೊರಟಾಗ ಮಗನಿಗೆ ಕರಾರು ಹಾಕಿದೆ. "ಇವತ್ತ ದಿನಾ ಪೂರಾ ಯಾರಿಗೂ ತ್ರಾಸ ಕೊಡದ ಅಡ್ಡ್ಯಾಡಿದ್ರ, ಗುರುವಾರ ನನ್ನ ಒಬ್ಬಾಕೀನ್ನ ಘಣಸೋಲಿಗೆ ಬಿಡಬೇಕು."

"ನೋಡೂಣು" ಎಂದ.

ಅಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗಳು ಟ್ರೇನಿನಲ್ಲಿ ಕೂರುತ್ತೇನೆ ಎಂದಳು. ಕೂತಿದ್ದ ಬೆಂಚು ಬಿಟ್ಟು ನಾನೂ ಹಿಂದೆ ನಡೆದೆ. ಹಳೇ ಗಣಿಯಂತೆ ಕಲ್ಲು, ಕಂದೀಲು ಜೋಡಿಸಿದ ಸ್ಟೇಷನ್ನು. ಹೊಗೆಕೊಳವೆಯ ಪುಟ್ಟ ಗಾಡಿ ಬಂತು. ತೋಟದ ಸುತ್ತ ಸೀಟಿ ಊದುತ್ತಾ ಹೋಗುವ ಗಾಡಿ ಎಂದೇ ನಾನು ತಿಳಿದೆ. ವಯಸ್ಸು ಕೇಳಿದ್ದರೆ ಹೇಳುತ್ತಿದ್ದೆ; ಯಾರೂ ಕೇಳಲಿಲ್ಲ. ಗೇಟು ತೆರೆದದ್ದೇ ತಡ, ಮೊಳಕೈ ಆಡಿಸಿ ಎಲ್ಲರಿಗಿಂತ ಮುಂದಿನ ಸೀಟು ಹಿಡಿದೆ. ಪಕ್ಕದ ಸೀಟಿಗೆ ಕರ್ಚೀಫು ಎಸೆದು ಮೊಮ್ಮಗಳನ್ನು ಕೂಗಿದೆ.

"ಆಜಿ, ನಕ್ಕೀ ನಾ?" ಎಂದಳು. ಖಾತ್ರಿಯೇನು ಎಂದು ಮರಾಠಿಯಲ್ಲಿ ಕೇಳುವುದು ಅವಳ ರೂಢಿ.

"ಕೂಡು ಸುಮ್ನ. ಸೀಟು ಹೋದೀತು!"

ತೊಡೆಯ ಮೇಲೆ ಕಬ್ಬಿಣದ ಸರಳು ಇಳಿದು ಖಟ್ ಎಂದಿತು. ಎತ್ತಿದೆ, ಏಳಲಿಲ್ಲ. ತೋಟ ಸುತ್ತಲು ಇದೆಲ್ಲ ಯಾಕೆ ಎಂದುಕೊಳ್ಳುವಷ್ಟರಲ್ಲಿ ಗಾಡಿ ಮುಖ ಮೇಲೆ ಮಾಡಿ ಆಕಾಶಕ್ಕೆ ಹತ್ತತೊಡಗಿತು.

"ಇಳಸು ಅಂತ ಹೇಳ ಅವರಿಗೆ!"

"ಆತಾ ನಾಹೀ ಥಾಂಬತ್, ಆಜಿ." ಇನ್ನು ನಿಲ್ಲುವುದಿಲ್ಲವಂತೆ. "ಓರಡ್ ನಾ, ಬರಂ ವಾಟೇಲ್!" ಚೀರಿದರೆ ಹಗುರಾಗುತ್ತದಂತೆ.

ಚೀರುವುದು ಹೇಗೆ? ಕೆಳಗೆ ಕಂಬಿ ಹಿಡಿದು, ಕತ್ತು ಮೇಲೆತ್ತಿ ಮಗ ನಿಂತಿದ್ದ. ನನ್ನ ಒಂದು ಕೂಗು ಅವನ ಕಿವಿಗೆ ಬಿದ್ದರೆ ಘಣಸೋಲಿ ಮುಗಿದಂತೆ. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಗಾಡಿ ತುದಿಯಿಂದ ಧುಮುಕಿತು. ಕತ್ತಲ ಸುರಂಗ, ತಿರುವು, ಮತ್ತೆ ಪಾತಾಳ. ಹಿಂದಿದ್ದವರೆಲ್ಲ ಬಾಯಿ ತುಂಬ ಅರಚುತ್ತಿದ್ದರು. ಎಂಥ ಪುಣ್ಯವಂತರು ಅನ್ನಿಸಿತು. ನನ್ನ ಕೂಗು ಮಾತ್ರ ಗಂಟಲು ಹತ್ತುವುದು, ಸೆರಗಿಗೆ ಬಡಿದು ವಾಪಸು ಇಳಿಯುವುದು. ಜಿಗಿಯೋಣವೆಂದರೆ ಸರಳು, ಅಳೋಣವೆಂದರೆ ಮಗ.

ಗಾಡಿ ನಿಂತು ಸರಳು ಎದ್ದಿತು. ಮೊಮ್ಮಗಳ ಕೈ ಹಿಡಿಯದೆ ಇಳಿದು, ನಿರಿಗೆ ಸರಿಮಾಡಿಕೊಂಡು ಮಗನ ಎದುರು ಹೋಗಿ ನಿಂತೆ.

"ನೋಡಿದ್ಯೇನಪಾ? ಚೀರಲಿಲ್ಲ, ಬೀಳಲಿಲ್ಲ. ಗುರುವಾರ ಹೋಗ್ಲೇನು?"

ಅವನ ಮುಖ ಬಿಳಚಿಕೊಂಡಿತ್ತು. "ಇದನ್ನ ಯಾಕ ಹತ್ತಿದ್ಯವ್ವಾ?"

"ತೋಟದ ಗಾಡಿ ಅನ್ಕೊಂಡೆ." ಬಾಯಿ ತಪ್ಪಿ ಬಂದುಬಿಟ್ಟಿತು.

"ಬೀಳಂಗಿಲ್ಲ ಅಂತ ಒಪ್ಪಿದೆ ಬಿಡವ್ವಾ. ಆದ್ರ ಯಾವ ಗಾಡಿ ಅಂತ ಕೇಳದ ಹತ್ತಾಕೀನ್ನ, ಥಾಣೆ ಸ್ಟೇಷನ್ದಾಗ ಒಬ್ಬಾಕೀನ್ನ ಹೆಂಗ ಬಿಡ್ಲಿ?"