ಬಾವಿಗೆ ಬಿಟ್ಟ ಮೀನು

ನಮ್ಮ ಮೀನುಗಳು ಹೊಲದ ಕಾಲುದಾರಿ ಹಿಡಿದು ನಡೆದು ಬಂದ ಕೊನೆಯ ದಿನ ನಾನು ಚಿಕ್ಕವನಿದ್ದೆ, ನಾಲ್ಕನೆಯ ಇಯತ್ತೆ ಓದುತ್ತಿದ್ದೆ. ಮಿರಗದ, ಅಂದರೆ ಮೃಗಶಿರದ, ಮೊದಲ ಮಳೆ ಬೆಳಗಿನವರೆಗೂ ಸುರಿದು ನಿಂತಿತ್ತು. ಅಕ್ಕ ಬುಟ್ಟಿಯನ್ನು ಟೋಪಿಯಂತೆ ತಲೆಗೆ ಬೋರಲು ಹಾಕಿಕೊಂಡಳು. ಕರಿ ಮಣ್ಣು ಚಪ್ಪಲಿಯನ್ನು ಬಿಡುವುದಿಲ್ಲವೆಂದು ನಾನು ಚಪ್ಪಲಿ ಕೈಯಲ್ಲಿ ಹಿಡಿದೆ. ಕೆರೆಯ ಕಡೆ ಹೊರಟೆವು. ಎಲ್ಲ ವರ್ಷದ ಹಾಗೆಯೇ ಇತ್ತು.

ಅಕ್ಕ ಎಂದರೆ ನಿಮ್ಮ ಅಜ್ಜಿ. ನನ್ನ ತಲೆ ಇನ್ನೂ ಪೂರ್ತಿ ಹಣ್ಣಾಗಿಲ್ಲ, ಆದರೂ ಅಕ್ಕನ ಮೊಮ್ಮಕ್ಕಳಿಗೆ ನಾನು ಮುತ್ಯಾನೇ. ಹೋದ ತಿಂಗಳು ಬಸವಕಲ್ಯಾಣದ ಮನೆಯಲ್ಲಿ ತೀರಿಹೋದ ಅವಳನ್ನು ಚಾಪೆಯ ಮೇಲೆ ಮಲಗಿಸಿದ್ದಾಗ ನೀವಿಬ್ಬರೂ ಅವಳ ಬಲಗೈ ಹಿಡಿದು, ಹೆಬ್ಬೆರಳಿನ ಬುಡದ ಬಿಳಿ ಗೆರೆ ತೋರಿಸಿ, "ಮುತ್ಯಾ, ಅಜ್ಜಿಗಿ ಇದು ಏನಾಗಿತ್ತು?" ಎಂದು ಕೇಳಿದಿರಿ. ಅದರ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದು ನೋಡಿದೆ. ಇದು ಇಳಿಯುವ ಸಿಟ್ಟಲ್ಲ.

ನಮ್ಮೂರು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ದಾರಿ ಬಿಟ್ಟು ಒಳಗೆ. ಊರ ಕೆಳಗೆ ಕೆರೆ, ಕೆರೆಯ ಮಗ್ಗುಲಿಗೆ ನಮ್ಮ ಹೊಲ, ಹೊಲದಲ್ಲಿ ಕುಡಿಯುವ ನೀರಿನ ಬಾವಿ. ಮೊದಲ ಮಳೆಗೆ ಕೆರೆಯಿಂದ ಆ ಮೀನು ಹೊರಗೆ ಬರುತ್ತಿತ್ತು. ಮೊಳದುದ್ದ, ಕರಿ ಮೈ, ಮೈಮೇಲೆ ಹುರುಪೆಯಿಲ್ಲ, ಬಾಯಿಯ ಸುತ್ತ ಎಂಟು ಮೀಸೆ. ಎದೆಯ ಎರಡು ರೆಕ್ಕೆಗಳನ್ನು ನೆಲಕ್ಕೆ ಊರಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಮೈ ತಿರುಚುತ್ತ, ಮೊಣಕೈ ಮೇಲೆ ತೆವಳುವ ಕೂಸಿನಂತೆ ಹಸಿ ಹುಲ್ಲಿನಲ್ಲಿ ನಡೆಯುತ್ತಿತ್ತು. ಸುಮ್ಮನೆ ನಿಂತರೆ ಚಪ್, ಚಪ್ ಎಂದು ಕೇಳುತ್ತಿತ್ತು. ಹತ್ತು ಹನ್ನೆರಡು ಬಂದರೆ ಅದೇ ಹೆಚ್ಚು. ಸುತ್ತಲಿನ ಯಾವ ಸಂತೆಯಲ್ಲೂ ನಾನು ಆ ಮೀನನ್ನು ಕಂಡಿರಲಿಲ್ಲ.

ಹುಲ್ಲಿನಲ್ಲಿ ಕಂಡದ್ದನ್ನು ಯಾರಾದರೂ ಹಿಡಿದಾರು. ಅಕ್ಕ ಕಾಲುವೆಯ ಕೆಸರಿನಲ್ಲಿ ಅಡಗಿದ್ದನ್ನು ಹಿಡಿಯುತ್ತಿದ್ದಳು, ಅದೂ ಕಣ್ಣು ಮುಚ್ಚಿಕೊಂಡು. ಅಂಗೈ ಮೇಲೆ ಮಾಡಿ ಕೆಸರಿನೊಳಗೆ ಇಟ್ಟು ಕುಳಿತುಬಿಡುತ್ತಿದ್ದಳು.

"ಹಿಡೀಲಾಕ ಹೋಗಬ್ಯಾಡ ತಮ್ಮಾ. ಕೈ ಇಟ್ಟು ಸುಮ್ಮ ಕೂಡು. ಅದೇ ಬಂದು ಕೈಯಾಗ ಕೂಡ್ತದ."

"ಎಷ್ಟೊತ್ತ ಕೂಡಬೇಕ?"

"ನಿನ್ನ ಬಾಯಿ ಬಂದ್ ಆಗೂತನಕ."

ಮೀನು ಅಂಗೈ ಮೇಲೆ ಬಂದು ನಿಂತಾಗ ಅವಳ ಹೆಬ್ಬೆರಳು ಮೆಲ್ಲಗೆ ಅದರ ನೆತ್ತಿಯ ಹಿಂದಕ್ಕೆ ಹೋಗುತ್ತಿತ್ತು. ಅಲ್ಲಿ ತಲೆಯ ಎಲುಬು ಒಂದು ಸಣ್ಣ ಗಂಟಾಗಿ ಮುಗಿಯುತ್ತಿತ್ತು. ಒಂದೇ ಗಂಟು. ಅದನ್ನು ಗುರುತು ಹಿಡಿದು, ರೆಕ್ಕೆಯ ಮುಳ್ಳು ತಪ್ಪಿಸಿ ಎತ್ತಬೇಕು. ಅಕ್ಕನಿಗೂ ಒಮ್ಮೆ ತಪ್ಪಿತ್ತು. ನೀವು ನೋಡಿದ ಗೆರೆ ಅದೇ. ಹೊಟ್ಟೆಯಲ್ಲಿ ತತ್ತಿ ಇದ್ದ ಮೀನು ತಿರುಗಿ ನೀರಿಗೆ. ಊಟಕ್ಕೆ ನಾಲ್ಕು. ಬಾವಿಯಲ್ಲಿ ಸಾಕಿದ ಮೀನು ಮುಪ್ಪಾಗಿದ್ದರೆ ಬಾವಿಗೆ ಒಂದು. ಇದು ನಮ್ಮ ಮನೆಯ ರೂಢಿ. ಆ ಮೀನು ಸೊಳ್ಳೆಯ ಹುಳ ತಿಂದು ನೀರನ್ನು ಹಸನಾಗಿಡುತ್ತಿತ್ತು. ಕೊಡ ಇಳಿಬಿಟ್ಟರೆ ಮೀಸೆ ಆಡಿಸುತ್ತ ಮೇಲೆ ಬರುತ್ತಿತ್ತು. ಯಾವುದು ಬಾವಿಗೆ ಎಂದು ಆರಿಸುವವಳು ಅಕ್ಕ. ಹದಿನಾಲ್ಕು ವರ್ಷದ ಹುಡುಗಿಯ ಮಾತನ್ನು ಅಪ್ಪ ಕೇಳುತ್ತಿದ್ದುದು ಅದೊಂದೇ ವಿಷಯದಲ್ಲಿ. ಅಂದು ಅವಳು ಆರಿಸಿದ್ದು ಎಳೆಯದು, ಒಂದು ಮೀಸೆ ತುಂಡಾದದ್ದು.

ಹತ್ತು ದಿನ ಕಳೆದವು. ಹುಮನಾಬಾದ್ ಕಡೆಯ ಒಬ್ಬ ಗುತ್ತೇದಾರ ಟೆಂಪೋದಲ್ಲಿ ನೀಲಿ ಡ್ರಮ್ಮುಗಳನ್ನು ತಂದ. ನಮ್ಮ ಕೆರೆಯನ್ನು ಮೀನು ಸಾಕಲು ಗುತ್ತಿಗೆ ಹಿಡಿದಿದ್ದನಂತೆ. ಕಾವಲಿಗೆಂದು ಅಪ್ಪನನ್ನು ಗೊತ್ತುಮಾಡಿ ಕೊರಳಿಗೆ ಒಂದು ಸೀಟಿ ಹಾಕಿದ. ಅಪ್ಪ ಅದನ್ನು ಅಂಗಿಯ ತುದಿಯಿಂದ ಒರೆಸಿ ಒರೆಸಿ ನೋಡಿಕೊಂಡ. ಊರವರು ಕೂಡಿದರು. ಗುತ್ತೇದಾರ ಗೇಣುದ್ದದ ಒಂದು ಮರಿಯನ್ನು ತೆಗೆದು ಹಸಿ ಗೋಣಿಚೀಲದ ಮೇಲೆ ಇಟ್ಟ. ಅದು ರೆಕ್ಕೆ ಊರಿ ನಡೆಯಿತು.

"ನೋಡ್ರಿ, ನಿಮ್ಮ ಮೀನೇ ನಿಮಗ ತಂದೀನಿ," ಎಂದ. "ಅಸಲಿ ಮಾಲ್. ನಿಮ್ಮ ಕೆರ್ಯಾಗ ಹತ್ತ ಇದ್ರ ನಾ ಹತ್ತ ಸಾವಿರ ಮಾಡ್ತೀನಿ."

ಜನ ಚಪ್ಪಾಳೆ ತಟ್ಟಿದರು. ಅಕ್ಕ ಮುಂದೆ ಹೋಗಿ ಮರಿಯನ್ನು ಎತ್ತಿಕೊಂಡಳು. ಕಣ್ಣು ಮುಚ್ಚಿ ಹೆಬ್ಬೆರಳನ್ನು ನೆತ್ತಿಯ ಹಿಂದೆ ಒತ್ತಿದಳು.

"ಇದು ನಮ್ಮ ಮೀನ ಅಲ್ಲ. ನಮ್ದಕ್ಕ ಇಲ್ಲಿ ಒಂದ ಗಂಟ ಇರ್ತದ. ಇದಕ್ಕ ಮೂರು ಅವ."

"ಮೀನಿನ ಡಾಕ್ಟರಬಾಯಿ ಬಂದಾಳ ನೋಡ್ರಪ್ಪಾ," ಎಂದ ಗುತ್ತೇದಾರ. "ನಾಡಿ ಹ್ಯಾಂಗ ಅದ ಬಾಯಿ? ಜ್ವರಾ ಗಿರಾ ಏನರ?"

ಊರೆಲ್ಲ ನಕ್ಕಿತು. ಅಪ್ಪನ ಮುಖ ಸಣ್ಣದಾಯಿತು. "ಇಕಿಗಿ ಏನ್ ತಿಳೀತದ್ರಿ ಸಾವ್ಕಾರ್ರ. ನನ್ನ ಮಗಾ ಹೇಳ್ತಾನ ಕೇಳ್ರಿ," ಎಂದು ಮರಿಯನ್ನು ಅವಳಿಂದ ಕಿತ್ತು ನನ್ನ ಕೈಗಿಟ್ಟ.

ಅಕ್ಕ ಕಲಿಸಿದ ಹಾಗೆಯೇ ಮುಟ್ಟಿದೆ. ಹೆಬ್ಬೆರಳಿಗೆ ಒಲೆಯ ಮೂರು ಗುಂಡಿನಂತೆ ಮೂರು ಗಂಟು ತಾಗಿದವು. ತಾಗಲಿಲ್ಲವೆಂದು ನಾನು ಹೇಳಲಾರೆ. ಅಕ್ಕ ನನ್ನನ್ನು ನೋಡುತ್ತಿದ್ದಳು. ಅಪ್ಪನೂ ನೋಡುತ್ತಿದ್ದ, ಕೊರಳಲ್ಲಿ ಸೀಟಿ ಹೊಳೆಯುತ್ತಿತ್ತು.

"ನಮ್ದ ಮೀನರಿ," ಎಂದೆ.

ಅಪ್ಪ ಸೀಟಿ ತೆಗೆದು ನನ್ನ ಕೊರಳಿಗೆ ಹಾಕಿದ. ಕೆರೆಯ ಏರಿಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಊದುತ್ತ ಓಡಿದೆ. ನನ್ನ ಬೆನ್ನ ಹಿಂದೆ ಡ್ರಮ್ಮುಗಳನ್ನು ನೀರಿಗೆ ಬಗ್ಗಿಸುತ್ತಿದ್ದರು.

ಸಂಜೆ ಅಪ್ಪ ಎರಡು ಮರಿಗಳನ್ನು ನಮ್ಮ ಬಾವಿಗೆ ತಂದ. ಅಕ್ಕ ಕಟ್ಟೆಗೆ ಅಡ್ಡ ನಿಂತಳು.

"ಅಪ್ಪಾ, ಕೆರ್ಯಾಗ ಏನರ ಬಿಡ್ರಿ. ಬಾವ್ಯಾಗ ಬ್ಯಾಡ. ಅಲ್ಲಿ ನಮ್ದು ಅದ."

"ಇವತ್ತ ಊರೆಲ್ಲಾ ನಕ್ಕದ್ದು ಸಾಲಲಿಲ್ಲೇನು ನಿನಗ?"

ಅವಳನ್ನು ಸರಿಸಿ ಬಿಟ್ಟುಬಿಟ್ಟ. ದೀಪಾವಳಿಯ ಹೊತ್ತಿಗೆ ಕೊಡ ಇಳಿಬಿಟ್ಟಾಗ ಮೀಸೆ ತುಂಡಾದ ಮೀನು ಮೇಲೆ ಬರುವುದು ನಿಂತಿತು. ಬರುತ್ತಿದ್ದವು ಅವೆರಡೇ, ಅಗಲ ಬಾಯಿ ತೆರೆದು.

ಕೆರೆಯಲ್ಲೂ ಹಾಗೆಯೇ ಆಯಿತು. ಮೀನಿಗೆ ಮೇವೆಂದು ಗುತ್ತೇದಾರನ ಟೆಂಪೋ ಸತ್ತ ಕೋಳಿಗಳನ್ನು, ಕಸಾಯಿಖಾನೆಯ ಹೊಲಸನ್ನು ತಂದು ನೀರಿಗೆ ಸುರಿಯುತ್ತಿತ್ತು. ಗಾಳಿ ತಿರುಗಿದರೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೆಂಗಸರು ಅರಿವೆ ಒಗೆಯಲು ಹೋಗುವುದನ್ನು ಬಿಟ್ಟರು. ಮೊದಲು ಸಣ್ಣ ಮೀನು ಹೋದವು, ಆಮೇಲೆ ಏಡಿ, ಆಮೇಲೆ ಕಪ್ಪೆಗಳ ಸದ್ದು.

ಮರುವರ್ಷದ ಮಿರಗಕ್ಕೆ ಮೀನುಗಳು ನಡೆದು ಬಂದವು. ತೋಳುದ್ದ, ಮೈತುಂಬ ಹಾವಿನಂಥ ಮಚ್ಚೆ, ಎಣಿಸಲಾಗದಷ್ಟು. ಊರಿಗೆ ಊರೇ ಬುಟ್ಟಿ ಹಿಡಿದು ಬಂತು. ಅಕ್ಕ ಬೆಳಗಿನಿಂದ ಸಂಜೆಯವರೆಗೆ ಕಾಲುವೆಯ ಕೆಸರಿನಲ್ಲಿ ಕಣ್ಣು ಮುಚ್ಚಿ ಕುಳಿತಳು. ಒಂದೊಂದನ್ನೇ ಮುಟ್ಟಿದಳು, ಮುಟ್ಟಿ ದಂಡೆಗೆ ಎಸೆದಳು. ಮೂರು ಗಂಟು. ಮತ್ತೆ ಮೂರು ಗಂಟು. ಮಂದಿ ಅವಳು ಎಸೆದದ್ದನ್ನು ಆಯ್ದುಕೊಂಡು ನಗುತ್ತ ಮನೆಗೆ ಹೋದರು.

"ಇಷ್ಟ ಮೀನ ನಾ ಹುಟ್ಟಿದಾಗಿಂದ ನೋಡಿಲ್ಲ," ಎಂದ ಅಪ್ಪ. "ನಿನ್ನ ಬುಟ್ಟಿ ಯಾಕ ಖಾಲಿ ಅದ?"

"ನಿಮ್ಮ ಮಗನ್ನ ಕೇಳ್ರಿ," ಎಂದಳು ಅಕ್ಕ.

ಅಪ್ಪ ನನ್ನ ಕಡೆ ತಿರುಗಿದ. ನಾನು ಬಗ್ಗಿ ಆ ಖಾಲಿ ಬುಟ್ಟಿಯನ್ನು ಎತ್ತಿಕೊಂಡೆ. ಅಕ್ಕ ಕೈ ತೊಳೆದುಕೊಂಡಳು. ಅಂದಿನಿಂದ ಅವಳು ಕೆಸರಿಗೆ ಕೈ ಹಾಕಲಿಲ್ಲ.

ಎರಡು ವರ್ಷಕ್ಕೆ ಗುತ್ತೇದಾರ ಕೆರೆ ಬಿಟ್ಟು ಹೋದ. ಅವನ ಮೀನು ಹೋಗಲಿಲ್ಲ. ಎಷ್ಟೋ ವರ್ಷದ ಮೇಲೆ, ಅಕ್ಕ ಮದುವೆಯಾಗಿ ಬಸವಕಲ್ಯಾಣ ಸೇರಿದ ಬಳಿಕ, ಆ ಪರದೇಶದ ಮೀನು ಸಾಕಬಾರದೆಂದು ಸರಕಾರ ನಿಷೇಧ ಹಾಕಿದ್ದನ್ನು ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಪೇಪರಿನಲ್ಲಿ ಓದಿದೆ. ನಮ್ಮ ಮೀನನ್ನೆಲ್ಲ ಅದು ತಿಂದುಹಾಕುತ್ತದೆಂದು ಬರೆದಿದ್ದರು. ಕೆಸರಲ್ಲಿ ಕುಳಿತ ಒಬ್ಬ ಹುಡುಗಿ ಹೆಬ್ಬೆರಳಿನಿಂದ ಹೇಳಿದ್ದನ್ನು ಸರಕಾರ ಅಷ್ಟು ವರ್ಷಕ್ಕೆ ಹೇಳಿತು. ಪೇಪರ್ ಮಡಚಿ ಕಿಸೆಯಲ್ಲಿಟ್ಟುಕೊಂಡೆ, ಅಪ್ಪನಿಗೆ ತೋರಿಸಬೇಕು, ಅಕ್ಕನಿಗೆ ಓದಿ ಹೇಳಬೇಕು ಎಂದು. ಅದು ಕಿಸೆಯಲ್ಲೇ ಹರಿದುಹೋಯಿತು. ಅಪ್ಪನೂ ಹೋದ.

ಮಕ್ಕಳೇ, ಗುತ್ತೇದಾರನ ಮೇಲೆ ನನಗೆ ಸಿಟ್ಟಿದೆ. ನಕ್ಕವರ ಮೇಲಿದೆ, ಅಪ್ಪನ ಮೇಲೂ ಇದೆ. ಮೂವತ್ತು ವರ್ಷ ಅವರ ಮೇಲಷ್ಟೇ ಸಿಟ್ಟು ಮಾಡಿಕೊಂಡು ಆರಾಮಾಗಿದ್ದೆ. ಆದರೆ ಅವರ್ಯಾರಿಗೂ ಗಂಟು ಎಣಿಸಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು.

ಪ್ರತಿ ಮಿರಗಕ್ಕೆ ನಿಮ್ಮ ಅಜ್ಜಿ ಫೋನು ಮಾಡುತ್ತಿದ್ದಳು.

"ಬಂತೇನೋ ತಮ್ಮಾ?"

"ಬಂದಾವಕ್ಕಾ. ಅವೇ."

"ಅವು ಬ್ಯಾಡ. ನಮ್ದು?"

"ಇಲ್ಲ."

ಆಮೇಲೆ ಹೊಲದ ಮಾತು, ಮಕ್ಕಳ ಮಾತು. 'ನೀನು ಹೇಳಿದ್ದೇ ಖರೆ ಇತ್ತು' ಎನ್ನಲು ಆ ಫೋನಿನಲ್ಲಿ ಜಾಗ ಬೇಕಾದಷ್ಟಿತ್ತು.

ನಿಮ್ಮ ಮನೆಗೆ ನೀರು ನಳದಲ್ಲಿ ಬರುತ್ತದೆ. ಕುಡಿಯುವ ನೀರಿನಲ್ಲಿ ಒಂದು ಮೀನು ಇರಬೇಕೆಂದರೆ ನೀವು ಮೂಗು ಮುರಿಯುತ್ತೀರಿ. ನಿಮ್ಮ ಕೆಂಪು ಮೀನುಗಳು ಗಾಜಿನ ಪೆಟ್ಟಿಗೆಯಲ್ಲಿವೆ, ಅವಕ್ಕೆ ಹೆಸರೂ ಇವೆ. ಅಜ್ಜಿಯ ಮೂರನೆಯ ದಿನ ಕಳೆದ ಮೇಲೆ ನೀವು ಮೊಬೈಲ್ ತಂದು, "ಮುತ್ಯಾ, ನೋಡಿಲ್ಲಿ, ಮೀನ ನಡ್ಯಾಕತ್ತದ," ಎಂದು ತೋರಿಸಿದಿರಿ. ನಾನು ಬೆರಳಿನಿಂದ ಅದನ್ನು ದೊಡ್ಡದು ಮಾಡಿ ನೆತ್ತಿಯ ಹಿಂದೆ ಹೆಬ್ಬೆರಳು ಒತ್ತಿದೆ. ನೀವು ನಕ್ಕಿರಿ. ಗಾಜಿನ ಮೇಲೆ ಏನೂ ತಾಗಲಿಲ್ಲ.

ಈ ವರ್ಷವೂ ಮಿರಗದ ಮಳೆ ಬಂತು. ಕಾಲುವೆಯ ಕೆಸರಿನಲ್ಲಿ ಕೈಯಿಟ್ಟು ಕುಳಿತೆ. ಒಂದೇ ಗಂಟಿನ ಮೀನು ಬರಲಿಲ್ಲ. ಬಂತೇನೋ ಎಂದು ಕೇಳುವ ಫೋನೂ ಬರಲಿಲ್ಲ.