ತಂಗಿಯ ತಲೆಗೆ ಅಯಸ್ಕಾಂತ

ಜನ್ನಾಪುರದಲ್ಲಿರೋ ನನ್ನ ತಂಗಿ ಸರೋಜ ಏನನ್ನೂ ಎಸೆಯೋಳಲ್ಲ. ಒಡೆದ ಬಕೆಟ್ಟು, ಹಳೇ ಪೇಪರು, ತೂತು ಪಾತ್ರೆ ಸೇರಿ ಮನೇಲಿ ಕಾಲಿಡೋಕೆ ಜಾಗವಿಲ್ಲ. ಇದೂ ಒಂದು ಕಾಯಿಲೆ ಅಂದ ಶಿವಮೊಗ್ಗದ ಡಾಕ್ಟರು, ತಲೆಗೆ ಅಯಸ್ಕಾಂತದ ಮೆಷಿನ್ ಹಿಡಿದು ನೋಡೋಣ, ಹೊಸ ಚಿಕಿತ್ಸೆ, ಖಂಡಿತ ವಾಸಿಯಾಗುತ್ತೆ ಅನ್ನಲ್ಲ ಅಂದರು. ಅವಳನ್ನ ಕೇಳದೆ ಮನೇಲಿ ಒಂದು ಕಡ್ಡಿನೂ ಎತ್ತಬೇಡ ಅಂತ ಅವಳ ಮಗನಿಗೂ ಹೇಳಿದ್ದರು.

ದಿನಾ ಬಸ್ಸಲ್ಲಿ ನಾನೇ ಕರ್ಕೊಂಡು ಹೋಗ್ತಿದ್ದೆ. ಮೈಮೇಲೆ ಕಬ್ಬಿಣ ಇರಬಾರದು ಅಂತ ನರ್ಸು ಹೇಳಿದರೆ, ಬಳೆಗೆ ಸಿಕ್ಕಿಸಿದ್ದ ಪಿನ್ನುಗಳನ್ನ ನನ್ನ ಕೈಗೆ ಕೊಟ್ಟು, "ಎಣಿಸ್ಕೊಳೇ ಅಕ್ಕ" ಅಂತಿದ್ದಳು. ಒಂದು ದಿನ ಮೆಷಿನ್ನಿಂದ ಎದ್ದು ಬಂದವಳೇ, "ಆ ಒಡೆದ ಬಕೆಟ್ಟನ್ನ ಇವತ್ತು ನಾನೇ ಗುಜರಿಯವನಿಗೆ ಕೊಡ್ತೀನಿ ಕಣೆ" ಅಂದಳು. ನನ್ನ ಕಣ್ಣಲ್ಲಿ ನೀರು ಬಂತು.

ಮನೆಗೆ ಬಂದರೆ ಕೋಣೆ ಖಾಲಿ. ಮಗ ಗುಜರಿ ಆಟೋ ಕರೆಸಿ ಎಲ್ಲ ತುಂಬಿಸಿ ಕಳಿಸಿದ್ದ.

"ಅಮ್ಮ ಎದುರಿಗಿದ್ದರೆ ಬಿಡ್ತಿದ್ದಳಾ ದೊಡ್ಡಮ್ಮ?"

"ಅವಳೇ ಕೊಡೋಕೆ ಅಂತ ಬರ್ತಿದ್ದಳಲ್ಲೋ ಪಾಪಿ" ಅಂದೆ.

ಮಾರನೇ ದಿನ ಬಸ್ಸಿಗೆ ಹೊರಡೋಣ ಅಂತ ಕರೆದರೆ ಸರೋಜ ಬಾಗಿಲಿಗೆ ಅಡ್ಡ ಕೂತು, "ಮನೆ ಬಿಟ್ಟು ಎಲ್ಲಿಗೂ ಬರಲ್ಲ" ಅಂದುಬಿಟ್ಟಳು.

ಅವನೋ, ಮೆಷಿನ್ ಭಾರೀ ಕೆಲಸ ಮಾಡ್ತು, ಬೇಕಾದರೆ ಬಂದು ಮನೆ ನೋಡಿ ಅಂತ ಬೀದಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದಾನೆ.